ಅತ್ತೆ ತಂದ ಧೋತರ

ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಗಡಹಿಂಗ್ಲಜದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗಿ ಈಗಲೂ ನಗು ಬರುತ್ತದೆ.

ಅಜ್ಜ ತೀರಿಕೊಂಡು ವರ್ಷವಾಗಿತ್ತು. ಕಬ್ಬಿನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅಪ್ಪನ ತಂಗಿ, ನಮ್ಮ ಅತ್ತೆ, ಬರೆದುಕೊಡುವ ದಿನ ಅದು. ಹೀಗೆ ತಂಗಿಗೆ ಹೋಳಿಗೆ ಊಟ ಹಾಕಿ, ಹೊಸ ಸೀರೆ ಉಡಿಸಿ ಹಕ್ಕಸೋಡ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಅಪ್ಪ ಹಸಿರು ಇಳಕಲ್ ಸೀರೆ ತಂದಿದ್ದ. ಇಚಲಕರಂಜಿಯಿಂದ ಬಂದ ಅತ್ತೆ ಎರಡು ಹೋಳಿಗೆ ಹೆಚ್ಚಿಗೇ ಉಂಡಳು, ಸೀರೆ ಉಟ್ಟು ಬಂದು ಪತ್ರದ ಮುಂದೆ ಕುಳಿತಳು. ಆಮೇಲೆ ಚೀಲದಿಂದ ಕೆಂಪು ಅಂಚಿನ ಹೊಸ ಧೋತರ ತೆಗೆದು ಅಪ್ಪನ ಮುಂದಿಟ್ಟಳು. ಗಂಜಿಗೆ ಅದು ಹಪ್ಪಳದಂತೆ ಗರಗರ ಎನ್ನುತ್ತಿತ್ತು.

"ಇದ್ಯಾಕ ತಂದೀ?" ಅಂದ ಅಪ್ಪ.

"ಸೀರಿ ಉಡಿಸಿ ನನ್ನ ಪಾಲ ನೀ ಬಿಡಸ್ತಿ. ಧೋತರ ಉಡಿಸಿ ನಿನ್ನ ಪಾಲ ನಾ ಬಿಡಸ್ತೇನಿ. ಕಾಯ್ದೇದಾಗ ಇಬ್ಬರದೂ ಸರಿಸಮ ಐತಿ ಅಲ್ಲೋ ಅಣ್ಣಾ?"

ಮೊದಲು ನಕ್ಕವಳು ಅಜ್ಜಿ. "ಉಡೋ, ಕೆಂಪ ಅಂಚು ನಿನಗ ಭಾಳ ಒಪ್ಪತೈತಿ."

ನನಗೆ ನಿಜಕ್ಕೂ ಚಿಂತೆಯಾಯಿತು. ತೊಟ್ಟಿಲಲ್ಲಿದ್ದ ತಮ್ಮನನ್ನು ತೋರಿಸಿ ಕೇಳಿದೆ: "ಅಪ್ಪಾ, ನಾ ದೊಡ್ಡಾಕಿ ಆದಮ್ಯಾಲ ಇವಂಗ ಯಾವ ಬಣ್ಣದ ಅಂಚಿಂದು ತರಲಿ?"

ಅಪ್ಪ ಸಹಿಯಾಗದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡ.

ಮುಂದಿನ ವಾರ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತಂಗಿಯ ಹೆಸರು ಹಚ್ಚಿಸಲು ತಲಾಠಿ ಕಚೇರಿಗೆ ಹೊರಟಾಗ ಅವನು ಉಟ್ಟಿದ್ದು ಅದೇ ಧೋತರ.