ಕವುಚಿದ ದೋಣಿ

ಕಾಂತಿ ಸುಳ್ಳು ಹೇಳಿದ್ದಾಳೆ ಎಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅವಳನ್ನು ತವರಿಗೆ ಕರೆದೊಯ್ಯಲು ಬೆಳುವಾಯಿಯಿಂದ ಬಂದು ಚಾವಡಿಯಲ್ಲಿ ಕೂತಿದ್ದ ಅಣ್ಣ ಚಿನ್ನಯ್ಯನಿಗೂ ಇರಲಿಲ್ಲ. ಒಂದು ಗಂಟೆಗೆ ಬಂಟ್ವಾಳ ಪೇಟೆಯಿಂದ ಮೂಡಬಿದ್ರೆಗೆ ಬಸ್ಸು. ಅವಳ ಟ್ರಂಕು ಆಗಲೇ ಬಾಗಿಲ ಬಳಿ ಬಂದಿತ್ತು.

“ಭಾವ, ನೀವು ಒಂದು ಮಾತು ಹೇಳಿದ್ರೆ ಅವಳು ಇಲ್ಲೇ ಇರ್ತಾಳೆ,” ಎಂದ ಚಿನ್ನಯ್ಯ.

ಯಾವ ಮಾತು ಎಂದು ಅವಳ ಗಂಡ ಲೋಕನಾಥನಿಗೆ ಗೊತ್ತಿತ್ತು. ನಲವತ್ತು ದಿನಗಳಿಂದ ಅವನಿಗೆ ಅಳುವೂ ಬಂದಿಲ್ಲ, ಸಿಟ್ಟೂ ಬಂದಿಲ್ಲ. ಕರೆದರೆ ಉಣ್ಣುತ್ತಾನೆ, ಹೊತ್ತಾದರೆ ಶಾಲೆಗೆ ಹೋಗುತ್ತಾನೆ. ಮಗು ಹೋದಾಗ ಎದೆಯೊಳಗೆ ಏನೋ ಮರಗಟ್ಟಿತು, ಅದು ಹಾಗೆಯೇ ಉಳಿದಿದೆ.

ಹೈಸ್ಕೂಲಿನ ವಿಜ್ಞಾನದ ಮಾಸ್ಟ್ರು ಅವನು. ಊರವರೆಲ್ಲ ಮದುವೆಗೆ ಫೋಟೋ ತೆಗೆಸಿದರೆ ಇವನಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚು. ಚಂದ್ರನ ಸುತ್ತ ಬಳೆ ಕಂಡರೂ ಸರಿ, ಪೊಳಲಿಯ ಕಡೆ ಮಿಂಚು ಹೊಳೆದರೂ ಸರಿ, ಕ್ಯಾಮೆರಾ ಹೊತ್ತು ಓಡುವವ. ವರ್ಷಕ್ಕೊಮ್ಮೆ ಬಿಸ್ಕತ್ತಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ತಲೆಕೆಳಗಾಗಿ ಬೀಳುವ ತೆಂಗಿನಮರವನ್ನು ಮಕ್ಕಳಿಗೆ ತೋರಿಸುತ್ತಿದ್ದ. ಕ್ಯಾಮೆರಾ ಅಂದರೆ ಇಷ್ಟೇ ಮಕ್ಕಳೇ, ಒಂದು ಕತ್ತಲೆ, ಅದಕ್ಕೊಂದು ತೂತು ಎನ್ನುತ್ತಿದ್ದ.

ಐವತ್ತೈದರ ಡಿಸೆಂಬರಿನಲ್ಲಿ ನಡುಹಗಲ ಸೂರ್ಯಗ್ರಹಣ ಬಂತು. ಕಾಂತಿಗೆ ಆಗ ಏಳು ತಿಂಗಳು.

“ಬಸುರಿಯ ಮೇಲೆ ಗ್ರಹಣದ ಬೆಳಕಿನ ಒಂದು ಎಳೆಯೂ ಬೀಳ್ಬಾರ್ದು,” ಎಂದರು ಅವನ ತಾಯಿ ಸರಸಮ್ಮ. ಮನೆಯಲ್ಲಿ ಎಲ್ಲಕ್ಕಿಂತ ಕತ್ತಲೆಯ ಜಾಗ ಯಾವುದೆಂದು ಹುಡುಕಬೇಕಾಗಿರಲಿಲ್ಲ. ಉಪ್ಪರಿಗೆಯ ಮೂಲೆಯಲ್ಲಿ ಅವನು ಫೋಟೋ ತೊಳೆಯುವ ಕೋಣೆ. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಮೇಲಿನ ಕಿಂಡಿಗೆ ಹಲಗೆ, ಬಿರುಕುಗಳಿಗೆ ಕಪ್ಪು ಕಾಗದ. “ನಿನ್ನ ಹುಚ್ಚಿನಿಂದ ಇಷ್ಟಾದ್ರೂ ಉಪಯೋಗ ಆಯ್ತು ಮಾರಾಯ,” ಎಂದರು ಮಗನಿಗೆ.

ಲೋಕನಾಥ ಇಂಥದ್ದನ್ನು ನಂಬುವವನಲ್ಲ. ಅಮ್ಮನಿಗೆ ಎದುರಾಡುವವನೂ ಅಲ್ಲ. ಅವನ ತಲೆಬಿಸಿ ಬೇರೆಯೇ ಇತ್ತು. ಕ್ಯಾಮೆರಾದ ಮುಂದೆ ಇಡಬೇಕಾದ ಮಸಿ ಹಿಡಿಸಿದ ಗಾಜು ಎಷ್ಟು ಮಾಡಿದರೂ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆಯೇ ಮನೆಯೆಲ್ಲ ತಡಕಾಡಿ, ಎಲ್ಲಿಂದಲೋ ಒಂದು ಮೊಳೆ ಕಿತ್ತು ತಂದು ಸಿಕ್ಕಿಸಿದ ಮೇಲೆ ಗಾಜು ಹೇಳಿದಂತೆ ಕೇಳಿತು.

ಕಾಂತಿ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಸರಸಮ್ಮ ದೇವರ ಮುಂದೆ ಕಣ್ಣು ಮುಚ್ಚಿ ಕೂತರು. ಅಂಗಳದಲ್ಲಿ ಅವನೊಬ್ಬನೇ. ಮಸಿಗಾಜಿನಲ್ಲಿ ಸೂರ್ಯ ಕೆಳಗಿನಿಂದ ಸವೆಯುತ್ತ ಬಂದ. ಕೊನೆಗೆ ಉಳಿದದ್ದು ನೇತ್ರಾವತಿಯ ದಡದಲ್ಲಿ ಕವುಚಿ ಹಾಕಿದ ದೋಣಿಯಷ್ಟು, ತುದಿಗಳೆರಡೂ ಕೆಳಗೆ.

ಗ್ರಹಣ ಬಿಟ್ಟು, ಮಿಂದು ಬಂದ ಕಾಂತಿಯ ಮುಖ ಅರಳಿತ್ತು. “ಎಷ್ಟು ಚಂದ ಇತ್ತು ಗೊತ್ತುಂಟಾ? ಸೂರ್ಯ ದೋಣಿಯ ಹಾಗೆ ಆಗಿದ್ದ. ತುದಿ ಎರಡೂ ಮೇಲೆ.”

ದೋಣಿ ಕವುಚಿತ್ತಲ್ಲ ಎಂದು ತಿದ್ದಲು ಹೊರಟವನು ಅಮ್ಮನ ಮುಖ ನೋಡಿ ಬಾಯಿ ಮುಚ್ಚಿದ. ಸರಸಮ್ಮ ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಕೆಳಗಿಟ್ಟರು.

ಹತ್ತನೆಯ ದಿನ, ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು. ಉಸಿರಿರಲಿಲ್ಲ.

“ನೀನು ಹೊರಗೆ ಬಂದು ನೋಡಿದ್ದಿ,” ಎಂದರು ಸರಸಮ್ಮ.

“ಇಲ್ಲ ಅತ್ತೆ. ನಾನು ಹೊರಗೆ ಬರ್ಲಿಲ್ಲ. ಅದೇ ಒಳಗೆ ಬಂತು.”

ಮೂರು ಸಲ ಕೇಳಿದರು. ಮೂರು ಸಲವೂ ಅದೇ ಉತ್ತರ. ಆಮೇಲೆ ಕಾಂತಿ ಮಾತೇ ಬಿಟ್ಟಳು. ಗ್ರಹಣ ನೋಡಿದ್ದಕ್ಕೆ ಮಗು ಸತ್ತಿತೆಂದು ಲೋಕನಾಥ ನಂಬಿರಲಿಲ್ಲ. ನೋಡಿದ್ದರೆ ನೋಡಿದೆ ಅನ್ನಲಿ, ಸುಳ್ಳು ಯಾಕೆ? ಅವನಿಗೆ ನೋವಾದದ್ದು ಅಷ್ಟಕ್ಕೆ. ಅಷ್ಟಕ್ಕೇ ಅವನೂ ಮಾತು ಬಿಟ್ಟಿದ್ದ.

“ಭಾವ?” ಎಂದ ಚಿನ್ನಯ್ಯ.

“ಒಂದು ರೀಲು ತೊಳೀಲಿಕ್ಕುಂಟು,” ಎಂದು ಲೋಕನಾಥ ಎದ್ದ. ಹೆಂಡತಿ ಮನೆ ಬಿಡುವ ಹೊತ್ತಿಗೆ ರೀಲು ತೊಳೆಯುವ ಗಂಡ. ತನಗೇ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಕಾಂತಿಯ ಎದುರಿನಿಂದಲೇ ದಾಟಿ, ಗ್ರಹಣದ ರೀಲು ಒಳಗೇ ಇದ್ದ ಕ್ಯಾಮೆರಾವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದ. ಅವಳು ತಲೆಯೆತ್ತಿ ನೋಡಿದಳು. ಅವನು ನೋಡಲಿಲ್ಲ.

ಆ ಕೋಣೆಗೆ ಗ್ರಹಣದ ಮೇಲೆ ಅವನು ಕಾಲಿಟ್ಟಿರಲಿಲ್ಲ. ಅವಳು ಕೂತಿದ್ದ ಚಾಪೆ ಹಾಗೇ ಇತ್ತು. ಕೆಂಪು ಗಾಜಿನ ಲಾಂದ್ರ ಎತ್ತಿಕೊಂಡು, ಕದ ಮುಚ್ಚಿ ಅಗಳಿ ಹಾಕಿದ.

ಕತ್ತಲಾಗಲಿಲ್ಲ. ಚಾಪೆಯ ಎದುರು, ಗೋಡೆಯ ಬುಡದಲ್ಲಿ, ಒಂದಾಣೆಯಷ್ಟಗಲದ ದುಂಡನೆಯ ಬೆಳಕು ಕೂತಿತ್ತು.

ರೀಲು ಹಾಳಾಗುತ್ತದಲ್ಲ ಎಂದುಕೊಂಡ ಮೊದಲು. ಆಗ ಹೊರಗೆ ಗಾಳಿ ಬೀಸಿ, ಸೂರ್ಯನಿಗೆ ಅಡ್ಡವಾಗಿ ತೆಂಗಿನ ಗರಿಯೊಂದು ಮೇಲಿನಿಂದ ಬಾಗಿತು. ಗೋಡೆಯ ಬಿಲ್ಲೆಯಲ್ಲಿ ಅದರ ನೆರಳು ಕೆಳಗಿನಿಂದ ಮೇಲಕ್ಕೆದ್ದಿತು. ಲೋಕನಾಥ ನಿಂತಲ್ಲೇ ನಿಂತ. ಅವನು ಬಿಸ್ಕತ್ತಿನ ಡಬ್ಬದೊಳಗೆ ನಿಂತಿದ್ದ. ಅಂಗಳದಲ್ಲಿ ಕವುಚಿ ಕಂಡ ದೋಣಿ ಈ ಗೋಡೆಯ ಮೇಲೆ ನೆಟ್ಟಗೆ ತೇಲಿರಬೇಕು, ತುದಿಗಳೆರಡೂ ಮೇಲೆ.

ಕೆಳಗೆ ಟ್ರಂಕು ಎತ್ತಿದ ಸದ್ದು. “ಭಾವ, ನಾವು ಬರ್ತೇವೆ.”

ಅವನು ಕರೆಯಬೇಕೆಂದು ಬಾಯಿ ತೆರೆದ. ಅದಕ್ಕೂ ಮೊದಲು ಕೈ ತನ್ನ ಹಳೆಯ ಅಭ್ಯಾಸದಂತೆ ಲಾಂದ್ರ ತೂಗುಹಾಕಲು ಕಿಂಡಿಯ ಹಲಗೆಯತ್ತ ಹೋಯಿತು. ಹಲಗೆಯಲ್ಲಿ ಮೊಳೆಯಿರಲಿಲ್ಲ. ಮೊಳೆಯಿದ್ದ ತೂತಿಗೆ ಬೆರಳು ತಾಗಿತು. ಗೋಡೆಯ ಸೂರ್ಯ ಆರಿದ.

ಲಾಂದ್ರದ ಮೊಳೆ ಅವನ ಕಂಕುಳಲ್ಲಿದ್ದ ಕ್ಯಾಮೆರಾದಲ್ಲೇ ಇತ್ತು, ಗ್ರಹಣದ ಬೆಳಿಗ್ಗೆ ಅವನೇ ಸಿಕ್ಕಿಸಿದ ಹಾಗೆ, ಮಸಿಗಾಜನ್ನು ಬಿಗಿಯಾಗಿ ಹಿಡಿದುಕೊಂಡು.