ಕಂಬಳಿಯ ಚೇಳು

"ಚೇಳು ಬಿಚ್ಚಿ ಮಾರ್ಕೊಳಪ್ಪ ಬೊಮ್ಮ," ಎಂದು ಸಾಹುಕಾರ ಮಹಾಲಿಂಗಯ್ಯ ಕೊಡಿಗೇನಹಳ್ಳಿ ಸಂತೆಯಲ್ಲಿ ಎಲ್ಲರೆದುರು ಕತ್ತರಿ ಚಾಚಿದ. ಬೊಮ್ಮಪ್ಪ ನೇಯ್ದ ಪ್ರತಿ ಕಂಬಳಿಯ ಮೂಲೆಯಲ್ಲೂ ಅವನ ಹೆಂಡತಿ ಕದರಮ್ಮ ಕೆಂಪು ದಾರದಲ್ಲಿ ಚೇಳು ಹೊಲಿಯುತ್ತಿದ್ದಳು. ಈಗ ಸಾಹುಕಾರನ ಅಂಗಡಿಯಲ್ಲಿ ಯಾರ್ಯಾರೋ ನೇಯ್ದ ಕಂಬಳಿಗಳ ಮೇಲೂ ಅದೇ ಚೇಳು.

"ಈ ಗುರ್ತು ಯಾರೂ ಕದೀಬಾರ್ದು, ಬೆಂಗ್ಳೂರ್ನಾಗೆ ರಿಜಿಸ್ಟ್ರಿ ಮಾಡ್ಸಿಕೊಡಿ ಅಂತ ನಿಮ್ ಕೈಗೇ ಕೊಟ್ಟಿದ್ನಲ್ಲ ಸಾವ್ಕಾರ್ರೆ?"

"ಮಾಡ್ಸಿದೀನಲ್ಲ, ನನ್ ಹೆಸರ್ಗೆ. ಈಗ ನೀನು ಹಾಕಿದ್ರೆ ಕಳ್ ಮಾಲು ಕಣ್ಲಾ. ಅಮಲ್ದಾರ್ರ ಮುಂದೆ ನಿಲ್ಬೇಕಾಯ್ತದೆ."

ಬೆಂಗಳೂರಿಗೆ ಹೊರಟ ದಿನ ಇದೇ ಮನುಷ್ಯನಿಗೆ ಕದರಮ್ಮ ದಾರಿಗೆಂದು ಹುರಿದ ಕಡಲೆಕಾಯಿ ಕಟ್ಟಿಕೊಟ್ಟಿದ್ದಳು. ಬೊಮ್ಮಪ್ಪ ಕತ್ತರಿ ಕಿತ್ತುಕೊಂಡು, ಒಂದೊಂದೇ ಕಂಬಳಿಯ ಚೇಳನ್ನು ಕತ್ತರಿಸಿ ಹಾಕಿದ. ನೇಯ್ಗೆ ತನ್ನದು, ಕೊಳ್ಳುವವರು ತನ್ನವರು. ಅದನ್ನು ಯಾರು ಕಿತ್ತುಕೊಂಡಾರು?

ಸಂತೆ ಜೋರಾಗುವ ಹೊತ್ತಿಗೆ ಹಳೆಯ ಗಿರಾಕಿ ಓಬಕ್ಕ ಬಂದು, ಅವನ ಮುಖ ನೋಡದೆ ಕಂಬಳಿಯ ಮೂಲೆ ಮಗುಚಿದಳು. ಬರೀ ಜಾಗವನ್ನು ಬೆರಳಿನಿಂದ ಸವರಿ, ಕಂಬಳಿ ಕೆಳಗಿಟ್ಟಳು.

"ಚೇಳಿಂದು ಬೇಕಿತ್ತಪ್ಪ."

"ಅದೇ ಕಂಬಳಿ ಕಣಕ್ಕ. ನೇಯ್ದೋನು ನಾನೇ, ಬೊಮ್ಮಪ್ಪ."

"ಯಾವ ಬೊಮ್ಮಪ್ಪ?" ಎಂದಳು ಓಬಕ್ಕ. ಉತ್ತರಕ್ಕೆ ಕಾಯದೆ ಸಾಹುಕಾರನ ಅಂಗಡಿಯತ್ತ ನಡೆದಳು.