ಚಹಾ ಬಳಿದ ಪತ್ರ

ಚಹಾ ಚೆಲ್ಲಿದ ಕಾಗದ ಒಣಗುವ ವಾಸನೆ ಬಂದರೆ ಈಗಲೂ ಪರದೇಶದ ಗ್ರೀನ್‌ಫರ್ಡ್‌ನ ನಮ್ಮ ಫ್ಲ್ಯಾಟಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಮೆರಿಕವನ್ನು ಕಟ್ಟಿದ ನಾಯಕನೊಬ್ಬ ತನ್ನ ಜೀವನದ ಬಗ್ಗೆ ಬರೆದಂತಿರುವ ಹಳೆಯ ಪತ್ರವನ್ನು ತಯಾರಿಸಲು ಶಾಲೆಯಲ್ಲಿ ಹೇಳಿದ್ದರು. ಚೆನ್ನಾಗಿರುವುದನ್ನು ತರಗತಿಯ ಗೋಡೆಗೆ ಹಾಕುತ್ತಿದ್ದರು. ಕಾಗದ ಹಳತಾಗಿ ಕಾಣಲೆಂದು ಅಜ್ಜಿ ಅದಕ್ಕೆ ಚಹಾ ಬಳಿದರು. ರೂಢಿಯಂತೆ ಏಲಕ್ಕಿಯನ್ನೂ ಕುಟ್ಟಿ ಹಾಕಿದ್ದರು. ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಅದು ಹಪ್ಪಳದಂತೆ ಒಣಗಿತು. ನಾನು ಅವನ ಹೊಲಮನೆ, ಸ್ವಾತಂತ್ರ್ಯ, ಸಮಾನತೆ ಎಂದೆಲ್ಲ ಇಂಗ್ಲಿಷಿನಲ್ಲಿ ಬರೆದು ಓದಿದೆ. ಅಪ್ಪ ಅಜ್ಜಿಗೆ ಅರ್ಥ ಹೇಳಿದರು.

“ಇಷ್ಟೆಲ್ಲಾ ಬರೀಲಿಕ್ಕೆ ಅವಗ ಪುರಸೊತ್ತು ಹೆಂಗ ಸಿಕ್ತು?” ಧಾರವಾಡದಿಂದ ಬಂದಿದ್ದ ಅಜ್ಜಿ ಕನ್ನಡಕ ಏರಿಸಿದರು. “ಹೊಲದಾಗ ಯಾರು ದುಡೀತಿದ್ರು?”

ಲೈಬ್ರರಿ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ಸಿಕ್ಕಿತು. “ಸ್ಲೇವ್ಸ್,” ಎಂದೆ.

ಅಜ್ಜಿ ಅಪ್ಪನ ಮುಖ ನೋಡಿದರು.

“ಗುಲಾಮರು,” ಎಂದರು ಅಪ್ಪ.

“ಮತ್ತ ಅದನ್ಯಾಕ ಬರ್ದಿಲ್ಲ?”

“ಬಿಡವ್ವಾ. ಟೀಚರ್ ಕೇಳಿದ್ದು ಅವನ ಸಾಧನೆ. ಗೋಡೆಗೆ ಹಾಕ್ಬೇಕಲ್ಲ ಅದನ್ನ.”

ನನಗೂ ಗೋಡೆಯೇ ಬೇಕಿತ್ತು. “ನೋ ಸ್ಪೇಸ್, ಅಜ್ಜಿ. ಜಾಗ ಇಲ್ಲ,” ಎಂದೆ.

ಅಜ್ಜಿ ನಾಯಕನ ಸಹಿಯ ಕೆಳಗೆ ಖಾಲಿ ಉಳಿದಿದ್ದ ಜಾಗದ ಮೇಲೆ ಅಂಗೈ ಇಟ್ಟರು. ಐದೂ ಬೆರಳು ಅಗಲಿಸಿದರೂ ಅವರ ಕೈ ಒಂದು ಅಕ್ಷರವನ್ನೂ ಮುಟ್ಟಲಿಲ್ಲ.